ಒಂದು ಫೈಲು, ಎರಡು ಬೀಗ

ದಿಲ್‌ಸುಖ್‌ನಗರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳಿದು ಯಾವ ಗಲ್ಲಿಗೆ ತಿರುಗಿದರೂ ಮೊದಲು ಕಾಣುವುದು ಕೋಚಿಂಗ್ ಸೆಂಟರುಗಳ ಬೋರ್ಡು. ಬ್ಯಾಂಕ್ ಪರೀಕ್ಷೆ, ಗ್ರೂಪ್ಸ್, ಪೊಲೀಸ್ ನೇಮಕಾತಿ, ಜಾವಾ, ಪೈಥಾನ್. ಅದರ ಕೆಳಗೆ ಹಾಸ್ಟೆಲ್ಲು, ಹಾಸ್ಟೆಲ್ಲಿನ ಕೆಳಗೆ ಟಿಫಿನ್ ಸೆಂಟರು, ಪಕ್ಕದಲ್ಲಿ ಜೆರಾಕ್ಸ್ ಅಂಗಡಿ. ರಾಯಚೂರು, ಯಾದಗಿರಿ, ಬೀದರ್ ಕಡೆಯ ಹುಡುಗ ಹುಡುಗಿಯರೂ ಇಲ್ಲಿ ಕಾಣಸಿಗುತ್ತಾರೆ. ಅವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಅಡ್ಮಿಷನ್ ಗದ್ದಲದ ಹೊತ್ತಿಗೆ, ಇಂಥದೇ ಒಂದು ಸೆಂಟರ್ ನಡೆಸುವ ಗೆಳೆಯರ ಫೋನು ಬಂತು. ಸಿಂಧನೂರು ಕಡೆಯವರು.

"ಸರ, ನೀವು ಬರೆದುಕೊಟ್ಟ ಪ್ರೋಗ್ರಾಂನ್ಯಾಗ ಏನರ ಗಡಬಡ ಇರಬಹುದೇನ್ರಿ?"

"ಯಾಕ್ರಿ, ಏನಾಯ್ತು?"

"ಒಂಬತ್ತು ಸಾವಿರ ರೂಪಾಯಿ ಲೆಕ್ಕಕ್ಕ ಸಿಗವಲ್ದು."

ಸಂಜೆ ಹೋದೆ. ಮಾನ್ವಿಯ ಕಡೆಯ ಹುಡುಗಿಯೊಬ್ಬಳು ಬ್ಯಾಂಕ್ ಕೋಚಿಂಗಿಗೆ 9,000 ರೂಪಾಯಿ ಕಟ್ಟಿದ್ದಳು. ಕೈಯಲ್ಲಿ ಅಚ್ಚು ಹಾಕಿದ ರಸೀದಿಯಿತ್ತು. ಆದರೆ ಕಂಪ್ಯೂಟರಿನ ಫೀ ರಿಜಿಸ್ಟರಿನಲ್ಲಿ ಅವಳ ಹೆಸರೇ ಇರಲಿಲ್ಲ. ರಸೀದಿಯ ಮೇಲಿದ್ದದ್ದು ಕೆಳಗಿನ ಕೌಂಟರಿನಲ್ಲಿ ಎಂಟು ವರ್ಷದಿಂದ ಕೂರುತ್ತಿರುವ ಮೇಡಂ ಅವರ ಸಹಿ. ರಸೀದಿ ಕೊಟ್ಟು, ಲೆಕ್ಕಕ್ಕೆ ಬರೆಯದೆ, ಹಣವನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳುವುದು ಹಳೆಯ ಉಪಾಯ. ಗೆಳೆಯರ ತಲೆಯೂ ಅಲ್ಲಿಗೇ ಹೋಗಿತ್ತು. ಮೇಡಂ ಮೂಲೆಯಲ್ಲಿ ಕೂತು ಅಳುತ್ತಿರಲಿಲ್ಲ, ಮಾತನ್ನೂ ಆಡುತ್ತಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು ನೋಡಲು.

ಆ ದಿನದ ಬ್ಯಾಂಕಿನ ಚಲನ್ ಇದೆಯೇ ಎಂದು ಕೇಳಿದೆ. ಅಲ್ಲಿ ಪ್ರತಿದಿನದ ನಗದನ್ನು ರಾತ್ರಿ ಒಟ್ಟುಗೂಡಿಸಿ ಮರುದಿನ ಬೆಳಿಗ್ಗೆ ಬ್ಯಾಂಕಿಗೆ ಕಟ್ಟುತ್ತಿದ್ದರು. ರಿಜಿಸ್ಟರಿನ ಜೊತೆ ತಾಳೆ ನೋಡುವುದು ಮಾತ್ರ ತಿಂಗಳಿಗೊಮ್ಮೆ. ಚಲನ್ ತೆಗೆದು ನೋಡಿದರೆ ರಿಜಿಸ್ಟರಿನ ಮೊತ್ತಕ್ಕಿಂತ ಬ್ಯಾಂಕಿಗೆ ಕಟ್ಟಿದ್ದು ಸರಿಯಾಗಿ 9,000 ಹೆಚ್ಚು. ಕದ್ದವರು ಕದ್ದ ಹಣವನ್ನು ಮರುದಿನ ಮಾಲೀಕರ ಖಾತೆಗೆ ಕಟ್ಟುವುದಿಲ್ಲ. ಮೇಡಂ ಬರೆದಿದ್ದರು. ಬರೆದದ್ದು ಅಳಿಸಿಹೋಗಿತ್ತು. ಅಳಿಸಿದ್ದು ನಾನು ಬರೆದ ಪ್ರೋಗ್ರಾಂ.

"ಇದು ಕ್ಯಾಶ್ ಪ್ರಾಬ್ಲಂ ಇರಬೇಕು ಕಣ್ರೀ" ಎಂದೆ.

"ಅದನ್ನೇ ನಾನೂ ಹೇಳಾಕತ್ತೀನಿ, ಕ್ಯಾಶೇ ಪ್ರಾಬ್ಲಂ" ಎಂದರು ಗೆಳೆಯರು.

ನಮ್ಮ ಉಚ್ಚಾರಣೆಯಲ್ಲಿ ಎರಡೂ ಒಂದೇ. ಈ ಲೇಖನದಲ್ಲಿ ಗೊಂದಲವಾಗದಿರಲಿ ಎಂದು ಹಣಕ್ಕೆ ನಗದು ಎಂದೂ, ಕಂಪ್ಯೂಟರು ತನ್ನ ಹತ್ತಿರ ಇಟ್ಟುಕೊಳ್ಳುವ ನಕಲಿಗೆ ಕ್ಯಾಶೆ ಎಂದೂ ಬರೆಯುತ್ತೇನೆ. ಆದರೆ ಅಂದು ನಾನು ಅಂದಾಜಿಸಿದ್ದೂ ಅರ್ಧ ಮಾತ್ರ ಸರಿಯಾಗಿತ್ತು. ಕ್ಯಾಶೆ ತನ್ನ ಮಾತಿಗೆ ತಪ್ಪಿರಲಿಲ್ಲ. ಆ ಮಾತು ಏನೆಂದು ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಮರೆವೇ ಶಕ್ತಿಯಾದ ಸರ್ವರು

ಸೆಂಟರಿನ ವ್ಯವಸ್ಥೆ ಸರಳ. ಒಂದು ಹಳೆಯ ಲಿನಕ್ಸ್ ಕಂಪ್ಯೂಟರೇ ಸರ್ವರು. ಕೆಳಗಿನ ಕೌಂಟರಿಗೊಂದು, ಮೇಲಿನ ಕೌಂಟರಿಗೊಂದು, ಮಾಲೀಕರ ಮೇಜಿಗೊಂದು ಕಂಪ್ಯೂಟರು. ಮೂರೂ ಸರ್ವರಿನ ಒಂದೇ ಫೋಲ್ಡರನ್ನು ಎನ್‌ಎಫ್‌ಎಸ್ ಮೂಲಕ ಬಳಸುತ್ತಿದ್ದವು. ಫೀ ರಿಜಿಸ್ಟರ್ ಎಂದರೆ ಆ ಫೋಲ್ಡರಿನಲ್ಲಿದ್ದ ಒಂದೇ ಒಂದು ಫೈಲು.

ಎನ್‌ಎಫ್‌ಎಸ್, ಅಂದರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಇದನ್ನು 1985ರ ಹೊತ್ತಿಗೆ ಹೊರತಂದಿತು. ಬೇರೆ ಯಂತ್ರದ ಡಿಸ್ಕಿನಲ್ಲಿರುವ ಫೈಲು ನಮ್ಮದೇ ಡಿಸ್ಕಿನಲ್ಲಿದ್ದಂತೆ ಕಾಣಿಸುವುದು ಇದರ ಕೆಲಸ. ಪ್ರೋಗ್ರಾಂ ಬರೆಯುವವನಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅನುಕೂಲವೂ ಅದೇ, ಅಪಾಯವೂ ಅದೇ.

ಆಗಿನ ಯಂತ್ರಗಳು ಆಗಾಗ ಕೆಟ್ಟು ನಿಲ್ಲುತ್ತಿದ್ದವು. ಹಾಗಾಗಿ ಸನ್ ಕಂಪನಿಯವರು ಒಂದು ಜಾಣ ನಿರ್ಧಾರ ಮಾಡಿದರು: ಸರ್ವರು ಯಾರನ್ನೂ ನೆನಪಿಟ್ಟುಕೊಳ್ಳಬಾರದು. ಯಾರು ಯಾವ ಫೈಲು ತೆರೆದಿದ್ದಾರೆ, ಯಾರ ಬಳಿ ನಕಲಿದೆ, ಒಂದೂ ಅದಕ್ಕೆ ಗೊತ್ತಿರುವುದಿಲ್ಲ. ಪ್ರತಿ ಕೋರಿಕೆಯಲ್ಲೂ ಬೇಕಾದ ವಿವರವೆಲ್ಲ ಇರುತ್ತದೆ. ಕೇಳಿದ್ದನ್ನು ಕೊಟ್ಟು ಸರ್ವರು ಮರೆತುಬಿಡುತ್ತದೆ. ಕರೆಂಟು ಹೋಗಿ ಸರ್ವರು ಆರಿ ಮತ್ತೆ ಹೊತ್ತಿಕೊಂಡರೆ, ಬಳಸುವ ಯಂತ್ರಗಳು ಅದೇ ಕೋರಿಕೆಯನ್ನು ಮತ್ತೆ ಕಳಿಸುತ್ತವೆ, ಕೆಲಸ ಮುಂದುವರಿಯುತ್ತದೆ. 1989ರಲ್ಲಿ ಪ್ರಕಟವಾದ ಎರಡನೇ ಆವೃತ್ತಿಯ ವಿವರಣೆಯೂ, 1995ರ ಮೂರನೇ ಆವೃತ್ತಿಯೂ ಇದೇ ನಂಬಿಕೆಯ ಮೇಲೆ ನಿಂತಿವೆ.

ಆದರೆ ಮರೆಗುಳಿಯ ಹತ್ತಿರ ಎರಡು ಕೆಲಸ ಆಗುವುದಿಲ್ಲ. ಒಂದು, "ನಿನ್ನ ಹತ್ತಿರವಿರುವ ನಕಲು ಹಳತಾಯಿತು" ಎಂದು ಅದು ಯಾರನ್ನೂ ಕರೆದು ಹೇಳಲಾರದು. ನಕಲು ಯಾರ ಹತ್ತಿರವಿದೆ ಎಂದೇ ಅದಕ್ಕೆ ತಿಳಿಯದು. ಎರಡು, "ಈ ಫೈಲಿಗೆ ಇಂಥವರು ಬೀಗ ಹಾಕಿದ್ದಾರೆ" ಎಂದು ನೆನಪಿಟ್ಟುಕೊಳ್ಳಲಾರದು. ನಾನು ಎಡವಿದ್ದು ಈ ಎರಡೂ ಕಲ್ಲುಗಳನ್ನೇ.

ನಕಲಿನ ಮಾತು

ಮೊದಲು ನಕಲಿನ ವಿಷಯ. ಪ್ರತಿ ಸಲವೂ ಸರ್ವರಿಗೆ ಹೋಗಿ ಓದಿದರೆ ಕೆಲಸ ನಿಧಾನ. ಅದಕ್ಕೆ ಪ್ರತಿ ಯಂತ್ರವೂ ಓದಿದ್ದನ್ನು ತನ್ನ ಕ್ಯಾಶೆಯಲ್ಲಿ ಇಟ್ಟುಕೊಳ್ಳುತ್ತದೆ. ಅದು ಹಳತಾಗಿದೆಯೇ ಎಂದು ತಿಳಿಯಲು ಎನ್‌ಎಫ್‌ಎಸ್ ಪಾಲಿಸುವ ನಿಯಮಕ್ಕೆ ಕ್ಲೋಸ್ ಟು ಓಪನ್ ಎಂದು ಹೆಸರು. ನೀವು ಫೈಲನ್ನು ಮುಚ್ಚಿದಾಗ ಬರೆದದ್ದೆಲ್ಲ ಸರ್ವರಿಗೆ ತಲುಪುತ್ತದೆ. ಅದಾದ ಮೇಲೆ ಇನ್ನೊಬ್ಬರು ಅದೇ ಫೈಲನ್ನು ತೆರೆದರೆ, ಅವರ ಯಂತ್ರ "ಇದು ಬದಲಾಗಿದೆಯೇ?" ಎಂದು ಸರ್ವರನ್ನು ಕೇಳಿ, ಬದಲಾಗಿದ್ದರೆ ಹೊಸದನ್ನು ತರುತ್ತದೆ. ಮುಚ್ಚಿದ ಮೇಲೆ ತೆರೆದವರಿಗೆ ಹೊಸದು ಗ್ಯಾರಂಟಿ. ಮುಚ್ಚುವ ಮೊದಲೇ ತೆರೆದುಕೊಂಡು ಕೂತವರಿಗೆ ಅಂಥ ಗ್ಯಾರಂಟಿಯಿಲ್ಲ.

ತೆರೆದೇ ಇರುವ ಫೈಲಿನ ಸ್ಥಿತಿಗತಿಯನ್ನು ಯಂತ್ರ ಆಗಾಗ ಮಾತ್ರ ವಿಚಾರಿಸುತ್ತದೆ. ಲಿನಕ್ಸಿನಲ್ಲಿ ಬೇರೇನೂ ಹೇಳದಿದ್ದರೆ, ಫೈಲಿಗೆ ಕನಿಷ್ಠ 3 ಸೆಕೆಂಡು, ಗರಿಷ್ಠ 60 ಸೆಕೆಂಡು. ಫೋಲ್ಡರಿಗೆ ಕನಿಷ್ಠ 30, ಗರಿಷ್ಠ 60. ಅಷ್ಟು ಹೊತ್ತು ಅದು ಹಳೆಯ ತಿಳುವಳಿಕೆಯಲ್ಲೇ ಇರಬಹುದು.

ಮಾಲೀಕರ ಮೇಜಿನ ಪರದೆಯಲ್ಲಿ ರಿಜಿಸ್ಟರು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಕೆಳಗೆ ಫೀ ಕಟ್ಟಿದ ಹುಡುಗ ಮೆಟ್ಟಿಲು ಹತ್ತಿ ಬಂದರೂ ಅವನ ಹೆಸರು ಅಲ್ಲಿ ಬಂದಿರುತ್ತಿರಲಿಲ್ಲ. "ಒಂದ್ ನಿಮಿಷ ತಡಿ, ಬರ್ತೈತಿ" ಎನ್ನುವುದು ಆ ಆಫೀಸಿನ ರೂಢಿಯ ಮಾತೇ ಆಗಿಹೋಗಿತ್ತು. ಬಹಳ ಸಲ ಒಂದು ನಿಮಿಷದಲ್ಲಿ ಬರುತ್ತಲೂ ಇತ್ತು. ಹೀಗಾಗಿ ನಿಜವಾಗಿಯೂ ಕಳೆದುಹೋದ ಸಾಲುಗಳು ಯಾರ ಗಮನಕ್ಕೂ ಬರಲಿಲ್ಲ. ತಡವಾಗಿ ಬರುವುದಕ್ಕೂ ಬಾರದೇ ಹೋಗುವುದಕ್ಕೂ ವ್ಯತ್ಯಾಸ ತಿಳಿಯದಂತೆ ನಾವು ಪಳಗಿಬಿಟ್ಟಿದ್ದೆವು.

ಇದು ಕಂಪ್ಯೂಟರಿನವರ ಕಷ್ಟ ಮಾತ್ರ ಎಂದುಕೊಳ್ಳಬೇಡಿ. ಊರಿನಲ್ಲಿ ಹೊಲ ಗದ್ದೆ ಇರುವವರಿಗೆ ಈ ತೊಂದರೆ ಬೇರೆ ಹೆಸರಿನಲ್ಲಿ ಗೊತ್ತು. ಕರ್ನಾಟಕದಲ್ಲಿ ಪಹಣಿಯಿರುವುದು ಭೂಮಿ ತಂತ್ರಾಂಶದಲ್ಲಿ; ಕ್ರಯಪತ್ರ ನೋಂದಣಿಯಾಗುವುದು ಉಪನೋಂದಣಾಧಿಕಾರಿ ಕಚೇರಿಯ ಕಾವೇರಿಯಲ್ಲಿ. ನೋಂದಣಿಯಾದ ದಿನಕ್ಕೂ ಮ್ಯುಟೇಶನ್ ಆಗಿ ಪಹಣಿಯಲ್ಲಿ ಹೆಸರು ಬದಲಾಗುವ ದಿನಕ್ಕೂ ನಡುವೆ ಅಂತರವಿರುತ್ತದೆ. ಆ ಅಂತರದಲ್ಲಿ ಹಳೆಯ ಮಾಲೀಕನ ಹೆಸರಿನ ಪಹಣಿ ಹಿಡಿದು ಬಂದವನು ಸುಳ್ಳು ಕಾಗದ ಹಿಡಿದಿರುವುದಿಲ್ಲ, ಹಳತಾದ ಕಾಗದ ಹಿಡಿದಿರುತ್ತಾನೆ. ಅದಕ್ಕೇ ತಿಳಿದವರು ಪಹಣಿಯ ಜೊತೆ ಋಣಭಾರ ಪತ್ರವನ್ನೂ ಕೇಳುತ್ತಾರೆ. ತೆಲಂಗಾಣದಲ್ಲಿ 2020ರಲ್ಲಿ ಬಂದ ಧರಣಿ, ಕೃಷಿ ಜಮೀನಿನ ನೋಂದಣಿಯನ್ನೂ ಮ್ಯುಟೇಶನ್ನನ್ನೂ ತಹಶೀಲ್ದಾರರ ಒಂದೇ ಮೇಜಿನ ಮೇಲೆ ಮುಗಿಸಲು ಹೊರಟದ್ದು ಈ ಅಂತರವನ್ನು ತೆಗೆಯಲೆಂದೇ. ಅದರ ತಕರಾರುಗಳು ಬೇರೆ ಕತೆ. ನಕಲು ಎಷ್ಟು ಹಳತಿರಬಹುದು ಎಂಬ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ.

ಟವೆಲ್ಲಿನ ಬೀಗ

ಈಗ ಬೀಗಕ್ಕೆ ಬರೋಣ. ನನ್ನ ಪ್ರೋಗ್ರಾಂ ಹೀಗೆ ನಡೆಯುತ್ತಿತ್ತು: ಕೌಂಟರಿನವರು ಹೊಸ ಎಂಟ್ರಿ ಎಂದು ಒತ್ತಿದ ಕೂಡಲೇ ರಿಜಿಸ್ಟರಿಗೆ ಬೀಗ ಹಾಕಿ, ಇಡೀ ಫೈಲನ್ನು ಓದಿ, ಅವರು ಟೈಪು ಮಾಡಿ ಮುಗಿಸಿದ ಮೇಲೆ ಒಂದು ಸಾಲು ಸೇರಿಸಿ, ಇಡೀ ಫೈಲನ್ನು ಮತ್ತೆ ಬರೆದು, ಬೀಗ ತೆಗೆಯುವುದು. ಒಬ್ಬರ ಕೈಯಲ್ಲಿ ಬೀಗವಿದ್ದರೆ ಇನ್ನೊಬ್ಬರು ಕಾಯಬೇಕು. ಕಾಗದದ ಮೇಲೆ ತಪ್ಪೇ ಇಲ್ಲ.

ಯುನಿಕ್ಸ್, ಲಿನಕ್ಸ್‌ಗಳ ಈ ಬೀಗ ಬಾಗಿಲಿನ ಬೀಗದಂತಲ್ಲ. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅಂಥದು. ಟವೆಲ್ಲು ಯಾರನ್ನೂ ತಡೆಯುವುದಿಲ್ಲ. ಕೂರಲು ಬಂದವರು ಅದನ್ನು ನೋಡಿ, ಮರ್ಯಾದೆ ಕೊಟ್ಟು, ಮುಂದೆ ಹೋದರೆ ಮಾತ್ರ ಅದು ಕೆಲಸ ಮಾಡಿದ ಹಾಗೆ. ನೋಡದೆ ಕೂತವರನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಫೈಲು ಬಳಸುವ ಎಲ್ಲ ಪ್ರೋಗ್ರಾಂಗಳೂ ಬೀಗ ಕೇಳಿಯೇ ಬರೆಯಬೇಕು. ಒಂದು ಕೇಳದಿದ್ದರೂ ಉಳಿದವರ ಶಿಸ್ತು ವ್ಯರ್ಥ.

ನನ್ನ ಎರಡೂ ಕೌಂಟರುಗಳು ಬೀಗ ಕೇಳಿಯೇ ಬರೆಯುತ್ತಿದ್ದವು. ಆದರೂ ಸಾಲು ಅಳಿಸಿಹೋಗಿತ್ತು. ಕಾರಣ ಹುಡುಕಲು ಎರಡು ರಾತ್ರಿ ಹಿಡಿಯಿತು. ಎನ್‌ಎಫ್‌ಎಸ್‌ನ ಮೂರನೇ ಆವೃತ್ತಿಯಲ್ಲಿ ಸರ್ವರು ಮರೆಗುಳಿಯಾದ್ದರಿಂದ, ಬೀಗದ ಲೆಕ್ಕವಿಡಲು ಪಕ್ಕದಲ್ಲೇ ಲಾಕ್ ಮ್ಯಾನೇಜರ್ ಎಂಬ ಬೇರೆ ಗುಮಾಸ್ತನನ್ನು ಕೂರಿಸಿದ್ದಾರೆ. ಅವನು ಬೇರೆ ಪೋರ್ಟುಗಳಲ್ಲಿ ಮಾತಾಡುತ್ತಾನೆ. ವ್ಯವಸ್ಥೆ ಶುರುವಾದ ದಿನ ಫೈರ್‌ವಾಲ್ ಆ ಪೋರ್ಟುಗಳನ್ನು ತಡೆದು, ಬೀಗ ಕೇಳಿದಾಗಲೆಲ್ಲ ಪ್ರೋಗ್ರಾಂ ಎರರ್ ತೋರಿಸಿತ್ತು. ನಾನು ಅವಸರದಲ್ಲಿದ್ದೆ. ಫೋಲ್ಡರ್ ಜೋಡಿಸುವಾಗ ನೋಲಾಕ್ ಎಂಬ ಆಯ್ಕೆ ಕೊಟ್ಟರೆ ಎರರ್ ಹೋಗುತ್ತದೆ ಎಂದು ಗೊತ್ತಿತ್ತು. ಕೊಟ್ಟೆ. ಎರರ್ ಹೋಯಿತು. ಮನೆಗೆ ಹೋದೆ.

ನೋಲಾಕ್ ಎಂದರೆ ಬೀಗವೇ ಇಲ್ಲ ಎಂದಲ್ಲ. ಬೀಗದ ವಿಷಯವನ್ನು ಸರ್ವರಿಗೆ ಹೇಳಬೇಡ, ನಿನ್ನೊಳಗೇ ಇಟ್ಟುಕೋ ಎಂದರ್ಥ. ಕೆಳಗಿನ ಯಂತ್ರ ತನ್ನೊಳಗೆ ಬೀಗ ಹಾಕಿಕೊಂಡು "ಸಿಕ್ಕಿತು" ಎನ್ನುತ್ತಿತ್ತು. ಮೇಲಿನ ಯಂತ್ರವೂ ತನ್ನೊಳಗೆ ಬೀಗ ಹಾಕಿಕೊಂಡು "ಸಿಕ್ಕಿತು" ಎನ್ನುತ್ತಿತ್ತು. ಇಬ್ಬರೂ ಟವೆಲ್ ಹಾಕಿದ್ದರು, ಬಸ್ಸಿನ ಸೀಟಿನ ಮೇಲಲ್ಲ, ಅವರವರ ಮನೆಯ ಕುರ್ಚಿಯ ಮೇಲೆ.

ಅಂದು ಆದದ್ದಿಷ್ಟು. ಮೇಲಿನವರು ಹೊಸ ಎಂಟ್ರಿ ಒತ್ತಿ, ಎದುರಿಗಿದ್ದ ವಿದ್ಯಾರ್ಥಿಯ ಅಪ್ಪನ ಜೊತೆ ಮಾತಿಗಿಳಿದಿದ್ದರು. ಆ ಹೊತ್ತಿನಲ್ಲಿ ಕೆಳಗೆ ಮೇಡಂ ಮಾನ್ವಿಯ ಹುಡುಗಿಯ ಸಾಲು ಬರೆದು ಉಳಿಸಿದರು. ಅದು ಸರ್ವರಿಗೆ ಸರಿಯಾಗಿಯೇ ತಲುಪಿತು. ನಂತರ ಮೇಲಿನವರು ತಮ್ಮ ಸಾಲು ಸೇರಿಸಿ ಉಳಿಸಿದಾಗ, ಮೊದಲೇ ಓದಿಟ್ಟಿದ್ದ ಹಳೆಯ ಪ್ರತಿಯೇ ಹೊಸದರ ಮೇಲೆ ಹೋಗಿ ಕೂತಿತು. ಯಾವ ಎರರೂ ಇಲ್ಲ, ಯಾವ ಎಚ್ಚರಿಕೆಯೂ ಇಲ್ಲ. ತಿಂಗಳ ಚಲನ್‌ಗಳನ್ನೆಲ್ಲ ತಾಳೆ ಹಾಕಿದಾಗ ಇನ್ನೂ ಎರಡು ದಿನ ಹೀಗೇ ಆಗಿದ್ದು ಕಂಡಿತು. ಮೂರೂ ಅಡ್ಮಿಷನ್ನಿನ ಜನಜಂಗುಳಿಯ ದಿನಗಳು. ಮೇಲಿನ ಕೌಂಟರ್ ತೆರೆಯುತ್ತಿದ್ದದ್ದೇ ಅಂಥ ದಿನಗಳಲ್ಲಿ.

ನೆನಪಿನ ಬೆಲೆ

ಸರ್ವರು ಮರೆಗುಳಿಯಾಗಲೇಬೇಕೆಂದಿಲ್ಲ. ಅದೇ ಎಂಬತ್ತರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಆಂಡ್ರ್ಯೂ ಫೈಲ್ ಸಿಸ್ಟಮ್ ಕಟ್ಟಿದಾಗ ತದ್ವಿರುದ್ಧ ದಾರಿ ಹಿಡಿದರು. ಅದನ್ನು ರೂಪಿಸಿದವರಲ್ಲಿ ಮದರಾಸಿನ ಐಐಟಿಯಲ್ಲಿ ಓದಿದ ಮಹಾದೇವ ಸತ್ಯನಾರಾಯಣನ್ ಮುಖ್ಯರು. ಅಲ್ಲಿ ಸರ್ವರು ಯಾರ ಬಳಿ ನಕಲಿದೆ ಎಂದು ಬರೆದಿಟ್ಟುಕೊಂಡು, ಫೈಲು ಬದಲಾದಾಗ ಅವರಿಗೆ ಸುದ್ದಿ ಮುಟ್ಟಿಸುತ್ತದೆ. ಇದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಪದೇ ಪದೇ ಕೇಳುವ ಕಾಟ ತಪ್ಪುತ್ತದೆ, ಆದರೆ ಸರ್ವರು ಬಿದ್ದು ಎದ್ದಾಗ ಯಾರ ಬಳಿ ಏನಿತ್ತು ಎಂಬ ಲೆಕ್ಕವನ್ನು ಮತ್ತೆ ಸರಿಮಾಡಬೇಕು.

ಬೀಗ ಹಿಡಿದವನ ಯಂತ್ರವೇ ಸತ್ತುಹೋದರೆ ಬೀಗ ತೆಗೆಯುವವರು ಯಾರು? ಇಂಥ ಪ್ರಶ್ನೆಗೆ ಸ್ಟ್ಯಾನ್‌ಫರ್ಡಿನ ಕ್ಯಾರಿ ಗ್ರೇ ಮತ್ತು ಡೇವಿಡ್ ಚೆರಿಟನ್ 1989ರಲ್ಲಿ ಕೊಟ್ಟ ಉತ್ತರ ಲೀಸ್, ಅಂದರೆ ಗುತ್ತಿಗೆ. ಲೈಬ್ರರಿಯ ಪುಸ್ತಕದಂತೆ ಹಕ್ಕಿಗೊಂದು ಗಡುವು. ಗಡುವಿನೊಳಗೆ ನವೀಕರಿಸಿದರೆ ನಿಮ್ಮದೇ. ಇಲ್ಲವಾದರೆ ತಾನಾಗಿ ಬಿಟ್ಟುಹೋಗುತ್ತದೆ.

2000ದಲ್ಲಿ ಮೊದಲು ಪ್ರಕಟವಾಗಿ 2003ರಲ್ಲಿ ಪರಿಷ್ಕೃತವಾದ ಎನ್‌ಎಫ್‌ಎಸ್ ನಾಲ್ಕನೇ ಆವೃತ್ತಿ ಈ ಪಾಠವನ್ನು ಕಲಿತುಕೊಂಡಿತು. ಅದರಲ್ಲಿ ಸರ್ವರಿಗೆ ನೆನಪಿದೆ. ಬೀಗ ಮುಖ್ಯ ವ್ಯವಹಾರದ ಭಾಗವೇ ಆಗಿದೆ, ಎಲ್ಲವೂ 2049 ಎಂಬ ಒಂದೇ ಪೋರ್ಟಿನಲ್ಲಿ ನಡೆಯುತ್ತದೆ. ಲಿನಕ್ಸ್ ಸರ್ವರಿನಲ್ಲಿ ಸಾಮಾನ್ಯವಾಗಿ 90 ಸೆಕೆಂಡಿನ ಗುತ್ತಿಗೆ. ಸರ್ವರು ಮರುಹುಟ್ಟು ಪಡೆದಾಗ ಹಳೆಯ ಬೀಗದವರು ಬಂದು ತಮ್ಮದನ್ನು ಕೇಳಿ ಪಡೆಯಲಿ ಎಂದು ಸ್ವಲ್ಪ ಹೊತ್ತು ಹೊಸಬರಿಗೆ ಬೀಗ ಕೊಡುವುದಿಲ್ಲ.

ನಾನು ನಾಲ್ಕನೇ ಆವೃತ್ತಿಗೆ ಬದಲಾಯಿಸಿದೆ. ಎಲ್ಲ ಸರಿಹೋಯಿತೇ? ಇಲ್ಲ. ಮಾರನೇ ದಿನ ಕೆಳಗೆ ಫಾರ್ಮ್ ತೆರೆದಿಟ್ಟು ಊಟಕ್ಕೆ ಹೋದರು. ಮೇಲಿನ ಕೌಂಟರು ಅರ್ಧ ಗಂಟೆ ಬಾಯಿ ಬಿಟ್ಟು ಕೂತಿತು. ಬೀಗ ಈಗ ನಿಜವಾಗಿತ್ತು, ಅದಕ್ಕೇ ನಿಜವಾಗಿಯೂ ಕಾಯಬೇಕಾಯಿತು. ಹಾಗಾದರೆ ಉಳಿಸುವ ಕ್ಷಣದಲ್ಲಿ ಮಾತ್ರ ಬೀಗ ಹಾಕೋಣ ಎಂದು ಬದಲಾಯಿಸಿದೆ. ಮನೆಯಲ್ಲಿ ಪರೀಕ್ಷಿಸಿದಾಗ ಮತ್ತೆ ಒಂದು ಸಾಲು ಮಾಯ. ಓದುವುದು ಬೀಗಕ್ಕಿಂತ ಮೊದಲೇ ಉಳಿದುಬಿಟ್ಟಿತ್ತು! ಬೀಗ ಹಾಕುವ ಮೊದಲು ಓದಿದ್ದು ಎಷ್ಟೇ ತಾಜಾ ಎನಿಸಿದರೂ ಹಳತೇ. ಬೀಗ ಹಾಕು, ಮತ್ತೆ ಓದು, ಸೇರಿಸು, ಬರೆ, ಆಮೇಲೆ ಬೀಗ ತೆಗೆ. ಲಿನಕ್ಸಿನ ಎನ್‌ಎಫ್‌ಎಸ್ ಬೀಗ ಸಿಕ್ಕಾಗ ತನ್ನ ಕ್ಯಾಶೆಯನ್ನು ನಂಬದೆ ಸರ್ವರನ್ನು ಕೇಳುತ್ತದೆ, ಬೀಗ ಬಿಡುವ ಮೊದಲು ಬರೆದದ್ದನ್ನು ಸರ್ವರಿಗೆ ತಲುಪಿಸುತ್ತದೆ. ಅಂದರೆ ಬೀಗವೆಂದರೆ ಬರೀ ಇನ್ನೊಬ್ಬರನ್ನು ತಡೆಯುವುದಲ್ಲ, ನಕಲನ್ನು ಹೊಸದು ಮಾಡಿಕೊಳ್ಳುವ ಗಳಿಗೆಯೂ ಹೌದು. ಈ ಅನುಕ್ರಮ ತಪ್ಪಿದರೆ ಆ ಉಪಕಾರ ಸಿಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಹಂಚಿಕೊಂಡ ಫೋಲ್ಡರಿನಲ್ಲಿ ಅಂಗಡಿಯ ಲೆಕ್ಕವನ್ನೋ ಸಂಘದ ಸದಸ್ಯರ ಪಟ್ಟಿಯನ್ನೋ ಇಟ್ಟಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಒಂದು ಯಂತ್ರದಲ್ಲಿ ಬೀಗ ಹಾಕಿ, ಇನ್ನೊಂದರಲ್ಲಿ ಅದೇ ಫೈಲಿಗೆ ಬೀಗ ಕೇಳಿ. ಎರಡಕ್ಕೂ ಸಿಕ್ಕರೆ ನಿಮ್ಮ ಬೀಗ ಮನೆಯ ಕುರ್ಚಿಯ ಮೇಲಿದೆ. ಎಸ್‌ಕ್ಯೂಲೈಟ್‌ನಂಥ ಡೇಟಾಬೇಸ್ ಫೈಲನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟು ಹಲವರು ಬಳಸುವುದರ ಬಗ್ಗೆ ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಬೀಗದ ಮೇಲೆ ಅದು ಇಡುವ ಭರವಸೆಗೆ ನೆಟ್‌ವರ್ಕ್ ಫೈಲ್ ಸಿಸ್ಟಮ್‌ಗಳು ತಕ್ಕವಾಗಿರುವುದಿಲ್ಲ ಎಂದು. ಹಲವರು ಬರೆಯುವುದಾದರೆ ಡೇಟಾಬೇಸ್ ಸರ್ವರನ್ನೇ ಇಡುವುದು ಒಳ್ಳೆಯದು. ಅಲ್ಲಿ ಫೈಲನ್ನು ಮುಟ್ಟುವವನು ಒಬ್ಬನೇ.

ಮೇಡಂ ಕೇಳಿದ ಪ್ರಶ್ನೆ

ಗೆಳೆಯರು ಎಲ್ಲರೆದುರೇ ಮೇಡಂ ಹತ್ತಿರ ಕ್ಷಮೆ ಕೇಳಿದರು. ನಾನೂ ಕೇಳಿದೆ. ಅವರು ತೆಲುಗಿನಲ್ಲಿ ಮೆಲ್ಲಗೆ ಒಂದೇ ಮಾತು ಹೇಳಿದರು: "ನಾನು ಬರೆದದ್ದು ಉಳಿಯಿತೋ ಇಲ್ಲವೋ ಎಂದು ನನಗೆ ಹೇಗೆ ಗೊತ್ತಾಗಬೇಕು ಸಾರ್? ರಸೀದಿ ಪುಸ್ತಕದಲ್ಲಿ ಕಾರ್ಬನ್ ಕಾಪಿ ಇರುತ್ತಿತ್ತು."

ಆ ಮಾತು ಕೇಳಿದ ಮೇಲೆ ಹಳೆಯ ಪದ್ಧತಿಯನ್ನು ಕೂತು ಯೋಚಿಸಿದೆ. ಪ್ರೋಗ್ರಾಂ ಬರುವ ಮೊದಲು ಎರಡು ಕೌಂಟರಿಗೂ ಬೇರೆ ಬೇರೆ ರಸೀದಿ ಪುಸ್ತಕ, ಬೇರೆ ಬೇರೆ ನಂಬರಿನ ಸಾಲು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಸಂಜೆ ಒಬ್ಬರೇ ಕೂತು ಎರಡೂ ಪುಸ್ತಕದಿಂದ ಲೆಡ್ಜರಿಗೆ ಏರಿಸುತ್ತಿದ್ದರು. ಹಂಚಿಕೊಂಡದ್ದರ ಮೇಲೆ ಬರೆಯುವವರು ಒಬ್ಬರೇ. ಉಳಿದವರು ತಮ್ಮದರ ಮೇಲೆ ಮಾತ್ರ. ಬೀಗದ ಅಗತ್ಯವೇ ಇರಲಿಲ್ಲ. ಯಾವ ಕಂಪ್ಯೂಟರ್ ಪುಸ್ತಕವನ್ನೂ ಓದದ ಯಾರೋ ಒಬ್ಬ ಗುಮಾಸ್ತ ಎಂದೋ ಬಿಡಿಸಿಟ್ಟಿದ್ದ ಲೆಕ್ಕವನ್ನು, ಸ್ನಾತಕೋತ್ತರ ಪದವಿ ಮಾಡಿದ ನಾನು ಬಂದು ಗೋಜಲು ಮಾಡಿದ್ದೆ.

ಈಗ ಆ ಸೆಂಟರಿನಲ್ಲಿ ಒಂದೊಂದು ರಸೀದಿಗೂ ಒಂದೊಂದು ಪುಟ್ಟ ಫೈಲು. ಹೆಸರಿನಲ್ಲಿ ಕೌಂಟರಿನ ಅಕ್ಷರ, ರಸೀದಿಯ ನಂಬರು. ಒಮ್ಮೆ ಬರೆದದ್ದನ್ನು ಯಾರೂ ತಿದ್ದುವುದಿಲ್ಲ. ಒಟ್ಟು ಲೆಕ್ಕವನ್ನು ಸರ್ವರಿನಲ್ಲೇ ಓಡುವ ಒಂದು ಪ್ರೋಗ್ರಾಂ ಮಾತ್ರ ಮಾಡುತ್ತದೆ. ಉಳಿಸಿದ ಮೇಲೆ ಕೌಂಟರಿನ ಪರದೆಯಲ್ಲಿ ಬರುವುದು ಸರ್ವರಿನ ಲೆಕ್ಕಕ್ಕೆ ಏರಿದ ಸಾಲು, ಟೈಪು ಮಾಡಿದ ಸಾಲಲ್ಲ. ಏರುವವರೆಗೆ "ಕಾಯಿರಿ" ಎಂದು ಕಾಣುತ್ತದೆ. ದಿನದ ಚಲನ್ ದಿನವೇ ತಾಳೆಯಾಗುತ್ತದೆ.

ಮಾನ್ವಿಯ ಹುಡುಗಿ ಕೋರ್ಸು ಮುಗಿಸಿ ಹೋದಳು. ಮೇಡಂ ಅದೇ ಕೌಂಟರಿನಲ್ಲಿದ್ದಾರೆ. ಪರದೆಯಲ್ಲಿ ಸಾಲು ಬಂದ ಮೇಲೂ ಅವರು ಕಾರ್ಬನ್ ಕಾಪಿ ಇಡುವುದನ್ನು ಬಿಟ್ಟಿಲ್ಲ. ನಾನೂ ಬಿಡಿ ಎಂದು ಹೇಳಿಲ್ಲ.